ಜಂಗಲ್ಲಿನ ಮೂರನೇ ಮೂಲೆ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆಗ ನನಗೆ ಹತ್ತು ವರ್ಷವೋ ಹನ್ನೊಂದೋ ಎಂಬುದೇ ಖಚಿತವಿಲ್ಲ. ತಮ್ಮ ಹುಟ್ಟಿ ಹದಿನೈದು ದಿನವಾಗಿತ್ತು ಎಂದು ನಾನು ಹೇಳಿದರೆ, ಇಲ್ಲ, ತಿಂಗಳು ತುಂಬಿತ್ತು ಎನ್ನುತ್ತಾಳೆ ಅವ್ವ. ಆ ದಿನ ನಾನು ಹಸಿರು ಲಂಗ ಹಾಕಿಕೊಂಡಿದ್ದೆ ಎಂದು ಬಹಳ ಕಾಲ ನಂಬಿದ್ದೆ. ಆಮೇಲೆ ಸಿಕ್ಕ ಹಳೆಯ ಫೋಟೋ ಒಂದರಲ್ಲಿ ಆ ಲಂಗ ತೊಟ್ಟು ನಿಂತವಳು ಸೋದರಮಾವನ ಮಗಳು. ಹೀಗೆ ಒಂದೊಂದೇ ಕಳಚಿ ಹೋಗಿ ಉಳಿದಿರುವುದು ಸ್ವಲ್ಪ. ಆ ಸ್ವಲ್ಪದಲ್ಲಿ ನನಗೆ ಖಾತ್ರಿಯಾಗಬೇಕಾದದ್ದು ಒಂದೇ ಸಂಗತಿ: ಬೆಂಕಿ ಹಚ್ಚುವ ಮೊದಲು ನಾನು ಮೂರನೇ ಮೂಲೆಗೆ ಹೋಗಿ ಕೂಗಿದೆನೋ ಇಲ್ಲವೋ. ಕೂಗದೆ ತಿರುಗಿ ಬಂದಿದ್ದರೆ, ಒಬ್ಬ ಹೆಂಗಸು ಸುಟ್ಟುಕೊಂಡದ್ದು ನನ್ನಿಂದ.

ಇಪ್ಪತ್ತು ವರ್ಷ ಇದು ಹೆಚ್ಚುಕಡಿಮೆ ಸುಮ್ಮನಿತ್ತು. ಈ ವರ್ಷ ಒಂದು ಪದದ ಬೆನ್ನು ಹತ್ತಿದ್ದರಿಂದ ಮತ್ತೆ ಎದ್ದಿತು. ನಾನು ಹಿರೇಕೆರೂರಿನಲ್ಲಿ ಪಿಯುಸಿ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಕಾಲೇಜಿನ ವಾರ್ಷಿಕ ಸಂಚಿಕೆಗೆ ಎರಡು ಪುಟ ಬರೆಯಬೇಕಿತ್ತು. ಊರೂರು ಸುತ್ತಿ ನಮ್ಮ ಮಾತಿಗೆ ಬಂದು ಸೇರಿದ ಒಂದು ಪದದ ಕಥೆ ಬರೆದುಕೊಡುತ್ತೇನೆ ಎಂದು ಒಪ್ಪಿಕೊಂಡೆ. 'ಜಂಗಲ್' ಆರಿಸಿಕೊಂಡದ್ದು ಯಾಕೆ ಎಂದು ಈಗ ಕೇಳಿಕೊಂಡರೆ, ಅದು ಸುಲಭವಾಗಿ ಕಂಡಿತು ಎಂಬುದು ಬಿಟ್ಟು ಬೇರೆ ಕಾರಣ ಹೊಳೆಯುವುದಿಲ್ಲ. ಹೊಳೆಯುವುದಿಲ್ಲ ಎಂಬುದನ್ನೂ ನಾನು ಪೂರ್ತಿ ನಂಬುವುದಿಲ್ಲ.

ತರಗತಿಯಲ್ಲಿ ಮಕ್ಕಳನ್ನು ಕೇಳಿದೆ, ಜಂಗಲ್ ಅಂದರೆ ನಿಮಗೇನು ನೆನಪಾಗುತ್ತದೆ ಎಂದು.

"ಕಾಂಕ್ರೀಟ್ ಜಂಗಲ್ ರಿ ಮೇಡಮ್, ಬೆಂಗಳೂರು," ಎಂದಳು ಮುಂದಿನ ಬೆಂಚಿನವಳು.

"ಟಿವ್ಯಾಗ ದಿನಾ ಒದರ್ತಾರಲ್ರಿ, ಜಂಗಲ್ ರಾಜ್, ಜಂಗಲ್ ರಾಜ್ ಅಂತ."

"ಇವನ ಮಾರಿ ನೋಡ್ರಿ ಮೇಡಮ್. ಗಡ್ಡಾ ಬಿಟ್ಟು ಜಂಗಲ್ ಬೆಳಸ್ಯಾನ. ಒಳಗ ಹುಲಿ ಅದಾವು."

"ಹುಲಿ ಅಲ್ರಿ, ಹೇನು."

ನಾನೂ ನಕ್ಕೆ. ಕಪ್ಪುಹಲಗೆಯ ಮೇಲೆ ಎಲ್ಲವನ್ನೂ ಬರೆದೆ. ದಟ್ಟ, ಕತ್ತಲು, ದಾರಿ ತಪ್ಪುವುದು, ಕಾನೂನು ಇಲ್ಲದ್ದು, ಬಾಚದ ತಲೆ. ಯಾರ ಮನಸ್ಸಿನಲ್ಲೂ ಜಂಗಲ್ಲಿಗೆ ಬಿಸಿಲು ಇರಲಿಲ್ಲ.

ಮನೆಗೆ ಬಂದು ನಿಘಂಟುಗಳನ್ನು ತೆಗೆದಾಗ ಸಿಕ್ಕಿದ್ದು ಬೇರೆಯೇ. ಪದದ ಬೇರು ಸಂಸ್ಕೃತದ 'ಜಾಂಗಲ'. ಅದರ ಅರ್ಥ ಒಣನೆಲ. ನೀರು ಕಡಿಮೆ, ಗಿಡಗಳು ವಿರಳ, ಗಾಳಿ ಬಿಸಿಲು ಧಾರಾಳ. ನಮ್ಮ ಹಳೆಯ ವೈದ್ಯರು ನೆಲವನ್ನು ಮೂರಾಗಿ ವಿಂಗಡಿಸುವಾಗ ಜೌಗಿನ ಸೀಮೆಯನ್ನು ಆನೂಪವೆಂದು ಕರೆದು, ಅದಕ್ಕೆ ಎದುರಾಗಿ ಇಟ್ಟದ್ದು ಈ ಜಾಂಗಲವನ್ನು. ಜಿಂಕೆ ಓಡಾಡುವ, ದೂರದವರೆಗೆ ಕಣ್ಣು ಹಾಯುವ ಬಯಲು ಅದು. ಬಿತ್ತದೆ ಬಿಟ್ಟ ಅಂಥ ನೆಲದಲ್ಲಿ ಕಂಟಿ ಬೆಳೆದವು. ಕಂಟಿ ಬೆಳೆದದ್ದಕ್ಕೂ ಅದೇ ಹೆಸರು ನಿಂತಿತು. ಹಿಂದಿ, ಉರ್ದು, ಮರಾಠಿಗಳಲ್ಲಿ ಅದು ಕಾಡಾಯಿತು. ಇಂಗ್ಲಿಷರು ಕೊಂಡೊಯ್ದು ಅದರ ಮೇಲೆ ಮಳೆ ಸುರಿಸಿ, ಬಳ್ಳಿ ಹಬ್ಬಿಸಿ, ಹುಲಿ ಬಿಟ್ಟು, ಮಕ್ಕಳ ಚಿತ್ರಪುಸ್ತಕದಲ್ಲಿ ನಮಗೇ ತಿರುಗಿ ಕೊಟ್ಟರು.

ಒಣನೆಲ, ವಿರಳ ಗಿಡ, ಕಣ್ಣು ಹಾಯುವ ಬಯಲು. ಇಷ್ಟನ್ನು ಕಾಗದದ ಮೇಲೆ ಬರೆದುಕೊಂಡ ಮೇಲೆ ನನ್ನ ಕೈ ಮುಂದೆ ಹೋಗಲಿಲ್ಲ. ನನ್ನ ನೆನಪಿನಲ್ಲಿರುವ ಒಂದೇ ಒಂದು ಜಂಗಲ್ ದಟ್ಟವಾಗಿದೆ. ಎರಡು ಮಾರು ಆಚೆ ಯಾರು ಕೂತಿದ್ದರೂ ಕಾಣದಷ್ಟು ದಟ್ಟ. ಆ ದಟ್ಟಣೆಯ ಮೇಲೆ ನಾನು ಇಷ್ಟು ವರ್ಷ ಒರಗಿಕೊಂಡು ಕೂತಿದ್ದೆ.

ನಮ್ಮ ಮನೆಮಾತಿನಲ್ಲಿ ಕಾಡಿಗೆ ಅಡವಿ ಎನ್ನುತ್ತಿದ್ದರು. ಅದು ದೂರದ್ದು, ತಡಸ ದಾಟಿ ಪಡುವಣಕ್ಕೆ ಹೋದರೆ ಸಿಗುವಂಥದ್ದು. ಮುಳ್ಳುಗಿಡದ ಪೊದೆಗೆ ಕಂಟಿ. ಜಂಗಲ್ ಎಂಬುದು ಕಚೇರಿಯ ಮಾತು, ಅದನ್ನು ಮನೆಗೆ ತಂದವನು ನನ್ನ ಸೋದರಮಾವ. ಅವನ ಊರು ಹಾನಗಲ್ಲಿನಿಂದ ಆಡೂರಿನ ಕಡೆ ಹೋಗುವ ದಾರಿಯಲ್ಲಿ. ಕಾಲುವೆಯ ದಂಡೆ, ರಸ್ತೆಯ ಬದಿ, ವಿದ್ಯುತ್ ತಂತಿಯ ಕೆಳಗೆ, ಕೆರೆಯ ಅಂಗಳದಲ್ಲಿ ಬೆಳೆದ ಕಂಟಿಗಳನ್ನು ಕಡಿಸಿ ಸಾಫು ಮಾಡಿಸುವುದನ್ನು ಅವನು ಗುತ್ತಿಗೆ ಹಿಡಿಯುತ್ತಿದ್ದ. ಕಾಗದದಲ್ಲಿ ಆ ಕೆಲಸದ ಹೆಸರು 'ಜಂಗಲ್ ಕಟಿಂಗ್'. ಊರಿನವರೂ ಹಾಗೇ ಕರೆಯುತ್ತಿದ್ದರು. ನನ್ನ ಕೂದಲು ಎಷ್ಟು ಎಣ್ಣೆ ಹಚ್ಚಿದರೂ ನಿಲ್ಲುತ್ತಿರಲಿಲ್ಲವಾದ್ದರಿಂದ ಮಾವ ನನ್ನನ್ನು ಜಂಗ್ಲಿ ಎನ್ನುತ್ತಿದ್ದ. "ಏ ಜಂಗ್ಲಿ, ಬಾ ಇಲ್ಲೆ, ನಿನ್ನ ತಲೀದೂ ಒಂದು ಟೆಂಡರ್ ಕರೀತೇನಿ." ಆ ಹೆಸರು ನನಗೆ ಇಷ್ಟವಿತ್ತು. ಅವನ ಸ್ವಂತ ಮಕ್ಕಳಿಗೂ ಅವನು ಅಂಥ ಅಡ್ಡಹೆಸರು ಇಟ್ಟಿರಲಿಲ್ಲ.

ಆ ವರ್ಷ ಅವ್ವ ಹೆರಿಗೆಗೆ ತವರಿಗೆ ಬಂದಿದ್ದಳು, ಜೊತೆಗೆ ನಾನೂ. ಚಳಿ ಹೋಗಿ ಬಿಸಿಲು ಏರುವ ಹೊತ್ತು, ಕೆರೆ ಅರ್ಧ ಒಣಗಿತ್ತು. ಒಣಗಿದ ಅರ್ಧದಲ್ಲಿ ಜಾಲಿ, ಬಾರಿ, ತಂಗಡಿ, ಕೊನೆಯಲ್ಲಿ ಒಂದು ಈಚಲ ಸಾಲು. ಅದನ್ನು ಸಾಫು ಮಾಡುವ ಕೆಲಸ ಮಾವನಿಗೆ ಬಂದಿತ್ತು. ಕಡಿಯುವುದಕ್ಕಿಂತ ಮೊದಲು ಒಣಹುಲ್ಲಿಗೆ ಬೆಂಕಿ ಕೊಟ್ಟರೆ ಮುಳ್ಳು ಅರ್ಧ ಬೇಯುತ್ತದೆ, ಹಾವು ಹರಿದು ಹೋಗುತ್ತವೆ, ಆಳುಗಳಿಗೆ ಕೈ ಹಾಕಲು ಸಲೀಸು. ಎಲ್ಲರೂ ಹಾಗೇ ಮಾಡುತ್ತಿದ್ದರು. ಆದರೆ ಆ ಕಂಟಿಗಳ ಮರೆ ಊರಿನ ಹೆಂಗಸರು ಬೆಳಿಗ್ಗೆ ತಂಬಿಗೆ ಹಿಡಿದು ಹೋಗುವ ಜಾಗವಾಗಿತ್ತು. ಗಂಡಸರು ಆ ಕಡೆ ಹೋಗುವಂತಿಲ್ಲ, ಏರಿಯ ಮೇಲೆ ನಿಂತು ನೋಡುವಂತೆಯೂ ಇಲ್ಲ. ಹೀಗಾಗಿ ಬೆಂಕಿ ಕೊಡುವ ಮೊದಲು ಮನೆಯ ಹೆಂಗಸೊಬ್ಬಳು ಹೋಗಿ ಕೂಗು ಹಾಕಿ ಬರಬೇಕು. ಅದಕ್ಕೊಂದು ಕ್ರಮವಿತ್ತು.

ಕೋಡಿಯ ಬಳಿ ಒಂದು ಮೂಲೆ, ಬಾರಿಗಿಡದ ಬಳಿ ಎರಡನೆಯದು, ಈಚಲ ಸಾಲಿನ ಬಳಿ ಮೂರನೆಯದು. ನೀರಿನ ಅಂಚಿನಲ್ಲೇ ನಡೆಯಬೇಕು. ಪ್ರತಿ ಮೂಲೆಯಲ್ಲಿ ನಿಂತು, ಕಂಟಿಗೆ ಬೆನ್ನು ಕೊಟ್ಟು, ನೀರಿನ ಕಡೆ ಮುಖ ಮಾಡಿ ಕೂಗಬೇಕು. ಒಳಗಿದ್ದವರಿಗೆ ನಾಚಿಕೆಯಾಗಬಾರದಲ್ಲ. ಕೂಗಿದ ಮೇಲೆ ಎಲೆ-ಅಡಿಕೆ ಜಗಿಯುವಷ್ಟು ಹೊತ್ತು ಅಲ್ಲೇ ನಿಲ್ಲಬೇಕು. ಒಳಗಿದ್ದವರಿಗೂ ಲೆಕ್ಕ ಗೊತ್ತು: ಕೂಗು ದೂರವಿದ್ದರೆ ಇನ್ನೂ ಹೊತ್ತಿದೆ, ತನ್ನ ಮೂಲೆಗೆ ಬಂದಾಗ ಎದ್ದರಾಯಿತು. ಮೂರೂ ಮುಗಿದ ಮೇಲೆ ತಿರುಗಿ ಬಂದು 'ಖಾಲಿ ಐತಿ' ಎನ್ನಬೇಕು. ಆಮೇಲೆ ಕಡ್ಡಿ ಗೀರುವುದು.

ಯಾವಾಗಲೂ ಹೋಗುತ್ತಿದ್ದವಳು ಅತ್ತೆ. ಆ ದಿನ ಅತ್ತೆ ನನ್ನ ಅವ್ವನಿಗೆ ನೀರು ಎರೆಯುತ್ತಿದ್ದಳು. ಬಚ್ಚಲಿನ ಹೊಗೆ, ಕೂಸಿನ ಅಳು, ಹಂಡೆಯ ಸಪ್ಪಳ. ಮಾವ ಹೊಸ್ತಿಲಲ್ಲಿ ನಿಂತು ನನ್ನನ್ನು ಕರೆದ.

"ಏ ಜಂಗ್ಲಿ, ಇವತ್ತ ನೀನ ಹೋಗಿ ಕೂಗಿ ಬಾ. ಮೂರ ಮೂಲಿ, ಮೂರ ಕೂಗು. ಕಂಟಿ ಕಡೆ ಮಾರಿ ಮಾಡಬ್ಯಾಡ."

"ಮಾರಿ ಮಾಡಲಿಲ್ಲಂದ್ರ ಯಾರಾರ ಅದಾರೇನಂತ ಹೆಂಗ ಗೊತ್ತಾಕೈತ್ರಿ ಮಾಮಾ?"

"ಬಳಿ ಸಪ್ಪಳ ಕೇಳತೈತಿ, ತಂಬಿಗಿ ಸಪ್ಪಳ ಕೇಳತೈತಿ. ನಿನ್ನ ದನಿ ಕೇಳಿದ್ರ ಸತ್ತಾವ್ರೂ ಎದ್ದು ಓಡ್ತಾರ, ಹೋಗ."

ಆಳುಗಳು ನಕ್ಕರು. ನಾಲ್ಕು ಜನ ಇದ್ದರು ಎಂದು ನೆನಪು. ಎಲ್ಲರ ಕೈಯಲ್ಲೂ ಕುಡಗೋಲು.

ಮೊದಲನೇ ಮೂಲೆ ನನಗೆ ಚೆನ್ನಾಗಿ ನೆನಪಿದೆ. ನೀರು ಪಾಚಿಗಟ್ಟಿ ಅಲುಗಾಡದೆ ಬಿದ್ದಿತ್ತು. "ಬೆಂಕಿ ಹಚ್ತಾರ್ರೆವ್ವೋ... ಎದ್ದ ಬರ್ರೆವ್ವೋ..." ಎಂದು ಕೂಗಿದೆ. ದನಿ ನನ್ನದಲ್ಲವೆಂಬಂತೆ ನೀರಿನ ಮೇಲೆ ಹೋಗಿ ಆಚೆಯ ದಂಡೆಗೆ ತಾಗಿ ಬಂತು. ಹಿಂದೆ ಕಂಟಿಯಲ್ಲಿ ಯಾರೂ ಏಳಲಿಲ್ಲ. ಒಂದು ಹಕ್ಕಿ ಕೂಗುತ್ತಿದ್ದದ್ದು ನಿಂತಿತು. ತಿರುಗಿ ನೋಡಬಾರದು ಎಂದು ಹೇಳಿದ್ದರಿಂದಲೇ ಬೆನ್ನಿನ ಮೇಲೆ ಯಾರೋ ಕಣ್ಣಿಟ್ಟ ಹಾಗೆ ಅನಿಸುತ್ತಿತ್ತು.

ಎರಡನೇ ಮೂಲೆಯೂ ನೆನಪಿದೆ. ಅಲ್ಲಿ ಕೂಗಿದೆ, ಕಾದೆ. ಬಾರಿಹಣ್ಣು ಬಿದ್ದಿದ್ದವು. ಬಗ್ಗಿ ಒಂದು ತಿಂದೆ, ಹುಳಿ. ಇನ್ನೊಂದು ಸಿಹಿ ಇತ್ತು. ಗಿಡದ ಮೇಲಿನವು ಇನ್ನೂ ಚೆನ್ನಾಗಿರಬಹುದು ಎಂದು ಕೈ ಹಾಕಿದೆ. ಮುಳ್ಳು ತರಚಿತು. ಜೇಬು ತುಂಬಿಕೊಂಡೆ. ಸಂಜೆ ಅವ್ವ ಬಟ್ಟೆ ಬಿಚ್ಚಿಸುವಾಗ ಜೇಬಿನಿಂದ ಹಣ್ಣು ಉರುಳಿದ್ದು ಅವ್ವನಿಗೂ ನೆನಪಿದೆ, ಹಾಗಾಗಿ ಇದು ನಿಜ. ಒಂದು ಜೇಬು ಬಾರಿಹಣ್ಣು ಆರಿಸಲು ಎಷ್ಟು ಹೊತ್ತು ಬೇಕು? ಇದನ್ನು ನಾನು ಬಹಳ ಸಲ ಲೆಕ್ಕ ಹಾಕಿದ್ದೇನೆ.

ಅಲ್ಲಿಂದ ಮುಂದೆ ನನ್ನ ಬಳಿ ಎರಡು ನೆನಪುಗಳಿವೆ, ಒಂದಕ್ಕೊಂದು ಕೂಡುವುದಿಲ್ಲ. ಒಂದರಲ್ಲಿ ನಾನು ಏರಿ ಹತ್ತಿ ಬಂದು ಮಾವನಿಗೆ "ಖಾಲಿ ಐತ್ರಿ" ಎನ್ನುತ್ತೇನೆ, ಅವನು ಕಡ್ಡಿ ಗೀರುತ್ತಾನೆ. ಇನ್ನೊಂದರಲ್ಲಿ ನಾನು ಇನ್ನೂ ಬಾರಿಗಿಡದ ಬಳಿಯೇ ಇದ್ದೇನೆ, ಮೂಗಿಗೆ ಹೊಗೆಯ ವಾಸನೆ ಬರುತ್ತದೆ. ಬಚ್ಚಲಿನ ಹೊಗೆ ಇಲ್ಲಿಯವರೆಗೆ ಬರುತ್ತದೆಯೇ ಎಂದು ಅಂದುಕೊಂಡು ತಲೆ ಎತ್ತುತ್ತೇನೆ. ಕೋಡಿಯ ಕಡೆ ಆಕಾಶ ಹಳದಿಯಾಗಿದೆ. ಗಾಳಿ ಈಚಲ ಸಾಲಿನ ಕಡೆ ಬೀಸುತ್ತಿದೆ.

ಆಮೇಲೆ ಕಿರುಚಿದ ದನಿ. ಅದು ಮಾತ್ರ ಎರಡೂ ನೆನಪುಗಳಲ್ಲಿ ಒಂದೇ ಥರ ಇದೆ.

ಸುಟ್ಟುಕೊಂಡವಳು ಸವಣೂರಿನವಳು. ಮಾವನ ಓಣಿಯಲ್ಲಿ ಎಲ್ಲರೂ ಅವಳನ್ನು ಕಸಬರಿಗಿ ಬೂಬಮ್ಮ ಎನ್ನುತ್ತಿದ್ದರು. ವರ್ಷಕ್ಕೆ ಎರಡು ಮೂರು ಸಲ ಬಸ್ಸಿನಲ್ಲಿ ಬಂದು, ಕೆರೆಯ ಈಚಲ ಗರಿ ಕೊಯ್ದು, ಮಾವನ ಮನೆಯ ಕಟ್ಟೆಯ ಮೇಲೆ ಕೂತು ಕಸಬರಿಗೆ ಕಟ್ಟುತ್ತಿದ್ದಳು. ನಾಲ್ಕು ಆ ಮನೆಗೆ ಕೊಟ್ಟು ಉಳಿದದ್ದನ್ನು ತಲೆಯ ಮೇಲಿಟ್ಟುಕೊಂಡು ಹೋಗುತ್ತಿದ್ದಳು. ಆ ದಿನ ಬೆಳಗಿನ ಬಸ್ಸಿಗೆ ಬಂದು ನೇರ ಕೆರೆಗೆ ಹೋಗಿದ್ದಳಂತೆ. ಮನೆಯ ಕಡೆ ಬಂದಿದ್ದರೆ ತಿಳಿಯುತ್ತಿತ್ತು. ಎರಡೂ ಕಾಲು, ಬಲಗೈ ಸುಟ್ಟಿದ್ದವು. ಆಳುಗಳು ಗೋಣಿತಟ್ಟು ಹೊದಿಸಿ ಎತ್ತಿಕೊಂಡು ಬಂದದ್ದನ್ನು ನಾನು ನೋಡಿದೆನೋ, ಅತ್ತೆ ಹೇಳಿದ್ದನ್ನು ಕೇಳಿ ಕಂಡುಕೊಂಡೆನೋ ಗೊತ್ತಿಲ್ಲ. ಹುಬ್ಬಳ್ಳಿಗೆ ಒಯ್ದರು.

ಅಂದು ಸಂಜೆ ಪಡಸಾಲೆಯಲ್ಲಿ ಊರಿನ ಹಿರಿಯರು ಕೂತಿದ್ದರು. ನಾನು ಬಾಣಂತಿ ಕೋಣೆಯ ಬಾಗಿಲ ಹಿಂದೆ. ಮಾವನ ದನಿ ಗಟ್ಟಿಯಾಗಿತ್ತು.

"ಹುಡುಗಿ ಮೂರೂ ಮೂಲಿ ಕೂಗಿ ಬಂತು. ಖಾಲಿ ಐತಿ ಅಂತು. ನಾ ಹಚ್ಚಿದ್ನಿ. ಆಕಿ ಕೆಪ್ಪಿ ಅದಾಳ, ಕೇಳಿಲ್ಲ. ಯಾರ ತಪ್ಪು ಹೇಳ್ರಿ?"

"ಕೆಪ್ಪಿ ಅಂದ್ರ ಏನ ಮಾಡಾಕ ಬರತೈತಿ," ಎಂದರು ಯಾರೋ.

"ಆಕಿ ಕೆಪ್ಪಿ ಅಂತ ನನಗ ಗೊತ್ತ ಇರಲಿಲ್ಲ ನೋಡು," ಎಂದರು ಇನ್ನೊಬ್ಬರು.

ಆಮೇಲೆ ಎಷ್ಟೋ ಸಲ, ಮದುವೆ ಮುಂಜಿಗಳಲ್ಲಿ, ಹಳೆಯ ಮಾತು ಬಂದಾಗಲೆಲ್ಲ ಮಾವ ಇದನ್ನೇ ಹೇಳಿದ, ಇದೇ ಕ್ರಮದಲ್ಲಿ. ಮೊದಲು ಹುಡುಗಿ, ಆಮೇಲೆ ಖಾಲಿ, ಆಮೇಲೆ ಕಡ್ಡಿ, ಕೊನೆಗೆ ಕೆಪ್ಪಿ. ನನ್ನ ಮೊದಲನೇ ನೆನಪು ಇದೇ ಮಾತಿನಿಂದ ಹುಟ್ಟಿತೇ ಎಂಬ ಅನುಮಾನ ನನಗೆ ಧಾರವಾಡದಲ್ಲಿ ಎಂ.ಎ. ಓದುವಾಗಲೇ ಬಂದಿತ್ತು. ದಿನಚರಿಯಲ್ಲಿ ಬರೆದೂ ಇದ್ದೆ: 'ಖಾಲಿ ಐತ್ರಿ ಎಂದು ನಾನು ಹೇಳುವಾಗ ನನಗೆ ನನ್ನ ಮುಖ ಕಾಣುತ್ತದೆ. ನಮ್ಮ ಮುಖ ನಮಗೆ ಕಾಣುವ ನೆನಪು ನಮ್ಮದಲ್ಲ.' ಆ ವಾಕ್ಯ ಬರೆದು ಖುಷಿಪಟ್ಟಿದ್ದೆ ಎಂಬುದೂ ನೆನಪಿದೆ. ಪುಟ ಮಗುಚಿ ಪರೀಕ್ಷೆಗೆ ಓದಲು ಕೂತೆ.

ಈ ವರ್ಷ ಲೇಖನ ನಿಂತುಹೋದ ಮೇಲೆ, ಒಂದು ಭಾನುವಾರ ಹಾನಗಲ್ಲಿಗೆ ಬಸ್ಸು ಹತ್ತಿದೆ. ಅಲ್ಲಿಂದ ಆಟೋ. ಅದೇ ತಿಂಗಳು, ಅದೇ ಏರುಬಿಸಿಲು. ಕೆರೆಯಲ್ಲಿ ಮತ್ತೆ ಕಂಟಿ ಬೆಳೆದಿವೆ. ಮನೆಮನೆಗೆ ಶೌಚಾಲಯವಾಗಿ ಈಗ ಯಾರೂ ಆ ಕಡೆ ಬರುವುದಿಲ್ಲವಂತೆ. ಕೋಡಿಯ ಬಳಿ ನಿಂತು, ಈ ಸಲ ನೀರಿಗೆ ಬೆನ್ನು ಕೊಟ್ಟು ನೋಡಿದೆ.

ಮಂಡಿಯ ಎತ್ತರ, ಅಲ್ಲಲ್ಲಿ ಸೊಂಟದ ಎತ್ತರ. ನಡುವೆ ಬಿರುಕು ಬಿಟ್ಟ ನೆಲ, ಹಳದಿ ಹುಲ್ಲು. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ದೃಷ್ಟಿಗೆ ಏನೂ ಅಡ್ಡ ಬರಲಿಲ್ಲ. ಈಚಲ ಸಾಲಿನ ಬಳಿ ಒಂದು ನಾಯಿ ಮಲಗಿತ್ತು, ಅದು ಕಿವಿ ಒದರಿದ್ದೂ ಇಲ್ಲಿಂದಲೇ ಕಂಡಿತು. ನನ್ನ ನೆನಪಿನ ದಟ್ಟ ಕತ್ತಲು, ಒಂದರ ಮೇಲೊಂದು ಬಿದ್ದ ಎಲೆಗಳು ನನ್ನ ಐದನೇ ಇಯತ್ತೆಯ ಇಂಗ್ಲಿಷ್ ಪುಸ್ತಕದ ಚಿತ್ರದವು ಎಂದು ಅಲ್ಲಿ ನಿಂತಾಗ ಹೊಳೆಯಿತು. ಇಪ್ಪತ್ತು ವರ್ಷದಲ್ಲಿ ಕಂಟಿ ಎಷ್ಟು ಸಲ ಕಡಿದು ಎಷ್ಟು ಸಲ ಬೆಳೆದಿದೆಯೋ, ಆಗ ದಟ್ಟವಾಗಿಯೇ ಇದ್ದಿರಬಹುದು. ಹಾಗೆಂದು ಹೇಳಿಕೊಂಡು ನೋಡಿದೆ. ಆದರೂ ಮೂರನೇ ಮೂಲೆಗೆ ನಡೆದು ಹೋಗಿದ್ದರೆ, ಬೆನ್ನು ಕೊಟ್ಟು ನಿಲ್ಲುವ ಮೊದಲು, ಆ ದಾರಿಯಲ್ಲಿ ಎಲ್ಲಾದರೂ ಅವಳು ನನ್ನ ಕಣ್ಣಿಗೆ ಬೀಳಲೇಬೇಕಿತ್ತು. ಅವಳ ಸೀರೆಯ ಬಣ್ಣ ನನಗೆ ಗೊತ್ತಿಲ್ಲ.

ಅತ್ತೆಗೆ ಫೋನ್ ಮಾಡಿ, ಬೂಬಮ್ಮನ ಕಡೆಯವರು ಯಾರಾದರೂ ಇದ್ದಾರೆಯೇ ಎಂದು ಕೇಳಿದೆ. "ಮಗಳ ಅದಾಳಲಾ, ಸವಣೂರಾಗ ಫಾಲ್ ಪಿಕೋ ಮಾಡ್ತಾಳ. ಯಾಕ?" ಎಂದಳು. ಒಂದು ಸೀರೆಗೆ ಫಾಲ್ ಹಚ್ಚಿಸಬೇಕಿತ್ತು ಎಂದೆ. ಆ ಸುಳ್ಳನ್ನು ನಿಜ ಮಾಡಲು ಒಂದು ಹೊಸ ಸೀರೆ ತೆಗೆದುಕೊಂಡು ಹೋದೆ.

ಅಂಗಡಿ ಎಲೆ ಮಾರುವ ಸಾಲಿನ ಹಿಂದಿನ ಓಣಿಯಲ್ಲಿ. ನನಗಿಂತ ಎಂಟು ಹತ್ತು ವರ್ಷ ದೊಡ್ಡವಳು. ಮಶಿನ್ನಿನಿಂದ ತಲೆ ಎತ್ತದೆ ಮಾತಾಡುತ್ತಿದ್ದಳು.

"ಕುಂದರ್ರಿ. ಅರ್ಧಾ ತಾಸಿನ್ಯಾಗ ಕೊಡ್ತೇನಿ. ಯಾವೂರ್ರಿ?"

"ಹಿರೇಕೆರೂರ್ರಿ."

"ಅಷ್ಟ ದೂರದಿಂದ ಫಾಲ್ ಹಚ್ಚಸಾಕ ಬಂದ್ರೇನು? ನಿಮ್ಮೂರಾಗ ಮಶಿನ್ ಇಲ್ಲೇನ್ರಿ?" ಎಂದು ನಕ್ಕಳು.

ಸಂಬಂಧಿಕರ ಮನೆಗೆ ಬಂದಿದ್ದೆ ಎಂದೆ. ಗೋಡೆಯ ಮೂಲೆಯಲ್ಲಿ ಈಚಲ ಕಸಬರಿಗೆ ಒಂದಿತ್ತು. ಅದರ ಮಾತು ತೆಗೆದೆ. ಅಮ್ಮ ಕಟ್ಟುತ್ತಿದ್ದಳು, ಇದು ಪೇಟೆಯದ್ದು ಎಂದಳು. ನಮ್ಮ ಅವ್ವನ ತವರಿನ ಕಡೆ ಬರುತ್ತಿದ್ದವರು ಅವರೇ ಇರಬೇಕು, ಕಿವಿ ಸ್ವಲ್ಪ ಮಂದ ಇತ್ತಲ್ಲವೇ ಎಂದು ಕೇಳಿದೆ.

ಮಶಿನ್ ನಿಂತಿತು.

"ಯಾರ ಹೇಳಿದ್ರಿ ನಿಮಗ? ನಮ್ಮ ಅಮ್ಮಿಗಿ? ಯಾ ಅಲ್ಲಾ! ಆಕಿ ಮನ್ಯಾಗ ಇದ್ರ ನಾವು ನಾಕ ಮಂದಿ ಗುಸುಗುಸು ಅನ್ನಂಗಿರಲಿಲ್ಲ. ಇಲ್ಲಿ ಕುಂತು ಒಳಗ ಹಾಲು ಉಕ್ಕೂದು ಕೇಳಸ್ಕೋತಿದ್ಲು. ಸಾಯೂ ದಿನದ ತನಕ ಕಿವಿ ಖಡಕ್ ಇದ್ದುವು. ಕೈ ಒಂದ ಹೋಗಿತ್ತು, ಸುಟ್ಟು."

ಹೇಗೆ ಎಂದು ನಾನು ಕೇಳಬೇಕಾಗಲಿಲ್ಲ.

"ಹಾನಗಲ್ ಕಡೆ ಕೆರಿ ಜಂಗಲಿಗೆ ಬೆಂಕಿ ಹಚ್ಚಿದ್ರಂತ. ಗರಿ ಕೊಯ್ಯಾಕ ಹೋಗಿದ್ಲು. ನಮ್ಮ ಅಬ್ಬಾ, ಯಾರಿಗೂ ಹೇಳಬ್ಯಾಡ್ರಿ ಅಂದ. ನಮ್ಮ ಮಾತಿನ್ಯಾಗ 'ಜಂಗಲ್ ಕೂ ಗಯೀ ಥೀ' ಅಂದ್ರ ಏನ ಅರ್ಥ ಗೊತ್ತಲ್ರಿ? ಬಯಲಕಡೆ ಹೋಗಿದ್ಲು ಅಂತ. ಸ್ಟೇಶನ್ನಿಗೆ ಹೋಗಿ ಅದನ್ನ ಬರಸೂದು, ಮಂದಿ ನಗೂದು ಬ್ಯಾಡ ಅಂದ. ಸುಮ್ಮನಾದ್ವಿ."

"ಬೆಂಕಿ ಹಚ್ಚೂ ಮೊದಲು ಕೂಗ್ತಾರಲ್ರಿ," ಎಂದೆ. ಇದನ್ನು ಹೇಳಬಾರದಿತ್ತೋ ಏನೋ.

"ಕೂಗಿದ್ರಂತರಿ. ಅಮ್ಮಿ ಹೇಳ್ತಿದ್ಲು. ಒಂದು ಸಣ್ಣ ಹುಡುಗಿ ದನಿ ಕೇಳಿಸ್ತು, ದೂರ. ಆಮ್ಯಾಲ ಸ್ವಲ್ಪ ಹತ್ರ ಇನ್ನೊಮ್ಮೆ ಕೇಳಿಸ್ತು. ಇನ್ನೊಂದು ಕೂಗು ಐತಲಾ, ಹುಡುಗಿ ಇಲ್ಲಿಗೆ ಬರ್ತಾಳ, ಬಂದಾಗ ಎದ್ದರಾತು, ಅಷ್ಟರಾಗ ನಾಕ ಗರಿ ಕೊಯ್ಕೋತೇನಿ ಅಂತ ಕುಂತಿದ್ಲಂತ." ಅವಳು ಮತ್ತೆ ಮಶಿನ್ ತುಳಿಯತೊಡಗಿದಳು. "ಆ ಹುಡುಗಿ ಬರಲೇ ಇಲ್ರಿ."

ನಾನು ಯಾರೆಂದು ಹೇಳಲಿಲ್ಲ. ಹೇಳುತ್ತೇನೆ ಎಂದುಕೊಂಡೇ ಕೂತಿದ್ದೆ. ಅವಳು ಸೀರೆ ಮಡಚಿ ಕೊಟ್ಟು, "ಮತ್ತ ಬರ್ರಿ," ಎಂದಾಗಲೂ ಹೇಳುತ್ತೇನೆ ಎಂದುಕೊಂಡಿದ್ದೆ. ಬಸ್ ಸ್ಟ್ಯಾಂಡಿಗೆ ಬಂದು ತಲುಪಿದ ಮೇಲೆ, ಹೇಳಲು ನನ್ನ ಬಳಿ ಏನಿದೆ ಎಂದು ಯೋಚಿಸಿದೆ. ಮೂರನೇ ಕೂಗು ಬೂಬಮ್ಮನಿಗೆ ಕೇಳಿಸಲಿಲ್ಲ, ಅಷ್ಟು ನಿಂತಿತು. ಕಿವಿಯಲ್ಲಿ ದೋಷವಿರಲಿಲ್ಲ, ಅದೂ ನಿಂತಿತು. ಉಳಿದದ್ದು ಎರಡೇ. ನಾನು ಹಣ್ಣು ತಿಂದು ಎರಡನೇ ಮೂಲೆಯಿಂದಲೇ ತಿರುಗಿ, ಮೂರೂ ಆಯಿತೆಂದು ಸುಳ್ಳು ಹೇಳಿರಬೇಕು. ಇಲ್ಲವೇ ನಾನು ಬರುವುದನ್ನು ಕಾಯದೆ ಮಾವ ಬೆಂಕಿ ಕೊಟ್ಟಿರಬೇಕು, ನಾನಿನ್ನೂ ಆ ಕಡೆ ಇದ್ದಾಗಲೇ. ಆ ಆಳುಗಳು ಯಾರ್ಯಾರೆಂದು ನನಗೆ ನೆನಪಿಲ್ಲ; ಎರಡರಲ್ಲಿ ಯಾವುದು ಎಂದು ಕೇಳಲು ಉಳಿದವನು ಅವನೊಬ್ಬನೇ.

ಮಾವ ಈಗ ಶಿಗ್ಗಾಂವಿಯಲ್ಲಿ ಮಗನ ಮನೆಯಲ್ಲಿದ್ದಾನೆ. ಗಟ್ಟಿಮುಟ್ಟಾಗಿದ್ದಾನೆ, ಮರೆವು ಇಲ್ಲ. ಮುಂದಿನ ವಾರವೇ ಹೋದೆ. ವರಾಂಡದಲ್ಲಿ ಮೊರ ಇಟ್ಟುಕೊಂಡು ಶೇಂಗಾ ಸುಲಿಯುತ್ತಿದ್ದ.

"ಬಾ ಬಾ ಜಂಗ್ಲಿ. ಕಾಲೇಜಿನ್ಯಾಗ ಹುಡುಗೂರು ನಿನ್ನ ತಲಿ ನೋಡಿ ಪಾಠ ಕೇಳತಾವೋ, ಓಡಿ ಹೋಗತಾವೋ?"

"ಅರ್ಧಾ ಓಡತಾವ್ರಿ ಮಾಮಾ."

"ಉಳದ ಅರ್ಧಾ ಕುರುಡು ಇರಬೇಕು." ಜೋರಾಗಿ ನಕ್ಕ. ನನ್ನ ಅಂಗೈಗೆ ಒಂದು ಹಿಡಿ ಶೇಂಗಾ ಹಾಕಿದ.

ಸವಣೂರಿಗೆ ಹೋಗಿದ್ದೆ ಎಂದೆ. ಯಾರ ಮನೆಗೆ ಎಂದೂ ಹೇಳಿದೆ. ಅವನ ಬೆರಳು ನಿಲ್ಲಲಿಲ್ಲ, ಒಂದು ಕಾಯಿ ಒಡೆದು, ಇನ್ನೊಂದು ಒಡೆದು ಮೊರಕ್ಕೆ ಹಾಕಿದ. ಸಿಪ್ಪೆಯೂ ಕಾಳಿನ ಜೊತೆ ಮೊರಕ್ಕೇ ಬೀಳುತ್ತಿದ್ದುದನ್ನು ಅವನು ನೋಡಲಿಲ್ಲ.

"ಯಾಕ ಹೋಗಿದ್ದಿ?"

"ಆಕಿ ಕೆಪ್ಪಿ ಇರಲಿಲ್ಲಂತ್ರಿ ಮಾಮಾ."

"ಮಗಳು ಹಂಗ ಹೇಳದ ಇನ್ನೇನ ಹೇಳ್ತಾಳ?"

"ನನಗೂ ನೆನಪೈತ್ರಿ. ಕಟ್ಟಿ ಮ್ಯಾಲ ಕುಂತು ಒಳಗಿನ ಮಾತಿಗೆ ಉತ್ತರ ಕೊಡ್ತಿದ್ಲು." ಇದು ನನಗೆ ನಿಜವಾಗಿ ನೆನಪಿತ್ತೇ ಎಂದು ನನ್ನನ್ನು ಯಾರಾದರೂ ಪ್ರಮಾಣ ಮಾಡಿಸಿದ್ದರೆ ಮಾಡುತ್ತಿರಲಿಲ್ಲ.

ಅವನು ಮೊರದಲ್ಲಿ ಬಿದ್ದ ಸಿಪ್ಪೆ ಆರಿಸತೊಡಗಿದ. ಒಳಗೆ ಸೊಸೆ ಮಿಕ್ಸರ್ ಹಾಕಿದ್ದಳು. ಅದು ನಿಂತ ಮೇಲೆ ತಗ್ಗಿದ ದನಿಯಲ್ಲಿ ಹೇಳಿದ, "ಕೆಪ್ಪಿ ಅಂತ ನಾ ಯಾರ ಸಲುವಾಗಿ ಹೇಳಿದ್ನಿ, ಅದನ್ನ ಎಂದರ ವಿಚಾರ ಮಾಡಿಯೇನು?"

ಆ ಮಾತನ್ನು ನಾನು ಅಂದಿನಿಂದ ಎರಡೂ ಬದಿಯಿಂದ ತಿರುಗಿಸಿ ನೋಡುತ್ತಿದ್ದೇನೆ. ನನ್ನನ್ನು ಉಳಿಸಲು ಅವನು ಇಪ್ಪತ್ತು ವರ್ಷ ಒಂದು ಸುಳ್ಳು ಹೊತ್ತಿರಬಹುದು. ಅಥವಾ ತನ್ನನ್ನು ಉಳಿಸಿಕೊಳ್ಳಲು ಇಪ್ಪತ್ತು ವರ್ಷ ನನ್ನ ಹೆಸರು ಮುಂದಿಟ್ಟಿರಬಹುದು, ಈಗಲೂ ಇಡುತ್ತಿರಬಹುದು. ಎರಡೂ ಅದೇ ಮಾತಿನಲ್ಲಿ, ಅದೇ ದನಿಯಲ್ಲಿ ಹೇಳಲು ಬರುತ್ತದೆ. ಅವನ ಕಣ್ಣು ನೋಡಿದ್ದರೆ ತಿಳಿಯುತ್ತಿತ್ತೋ ಏನೋ, ನಾನು ಕೈಯಲ್ಲಿದ್ದ ಶೇಂಗಾ ನೋಡುತ್ತಿದ್ದೆ.

ಆಗ ಕೇಳಿಯೇಬಿಟ್ಟೆ. ಅವನು ಮೊರ ಬದಿಗಿಟ್ಟು ಎದ್ದ, ಹೆಗಲ ಮೇಲಿನ ಟವೆಲ್ ಒದರಿದ, ನೀರಿನ ಮೋಟರ್ ಚಾಲೂ ಮಾಡಬೇಕು ಎಂದು ಹಿತ್ತಲಿಗೆ ಹೋದ. ಅರ್ಧ ತಾಸು ಕಾದೆ. ಮೋಟರಿನ ಸಪ್ಪಳ ಬರಲಿಲ್ಲ, ಅವನೂ ಬರಲಿಲ್ಲ. ಸೊಸೆ ಚಹಾ ತಂದಳು, ಕುಡಿದು ಬಂದೆ.

ಎರಡು ತಿಂಗಳಾಯಿತು. ಸಂಚಿಕೆಗೆ ಬೇರೆ ಪದದ ಮೇಲೆ ಬರೆದು ಕೊಟ್ಟೆ. ಮಾವ ಈಗಲೂ ಆಗಾಗ ಫೋನ್ ಮಾಡುತ್ತಾನೆ, ಬಿಸಿಲು ಎಷ್ಟಿದೆ, ಊಟ ಆಯಿತೇ ಎಂದು ವಿಚಾರಿಸುತ್ತಾನೆ. ಆ ದಿನ ವರಾಂಡದಲ್ಲಿ ನಾನು ಕೇಳಿದ್ದು ಇಷ್ಟೇ: "ಮಾಮಾ, ನಾ ತಿರುಗಿ ಬಂದು ಖಾಲಿ ಐತಿ ಅಂದ ಮ್ಯಾಲ ನೀವು ಕಡ್ಡಿ ಗೀರಿದ್ರೋ, ನಾ ಬರೂಕಿಂತ ಮೊದಲೋ?"